ವಿಕಿರಣದಿಂದ ಕೆಟ್ಟ ನೆಲವನ್ನು ಹಸನುಗೊಳಿಸುವ ವಿಚಾರ

ಒಕ್ಕಲುತನಕ್ಕೆ ನೆಲವೇ ಮೂಲಧನವು. ಬಿತ್ತಿದ ಬೀಜವು ಹುಟ್ಟದೆ ಹೋದರೆ ಮರುವರ್ಷ ಬೇರೆ ಬೀಜವನ್ನು ತರಬಹುದು. ಎತ್ತು ಸತ್ತರೆ ಸಾಲಮಾಡಿಯಾದರೂ ಮತ್ತೊಂದನ್ನು ಕಟ್ಟಬಹುದು. ನೆಲವು ಕೆಟ್ಟರೆ ಮಾತ್ರ ರಯತನಿಗೆ ನಿಲ್ಲಲು ತಾವಿಲ್ಲ. ಹಾವೇರಿ ಜಿಲ್ಲೆಯ ಹಲಗೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಒಕ್ಕಲಿಗರು ನೆಲದ ಅನೇಕ ರೋಗಗಳನ್ನು ಬಲ್ಲವರು. ಸವಳು ಏರಿದ ಹೊಲಕ್ಕೆ ಬಸಿಗಾಲುವೆಯನ್ನು ತೆಗೆಯುವುದು, ಕೊಚ್ಚಿಹೋಗುವ ಮಣ್ಣಿಗೆ ಒಡ್ಡು ಹಾಕುವುದು, ಕರಿಕೆ ಹಬ್ಬಿದ ಎರೆಗೆ ರಂಟೆ ಹೊಡೆಯುವುದು ಇವೆಲ್ಲ ಅವರಿಗೆ ಪಿತ್ರಾರ್ಜಿತವಾಗಿ ಬಂದ ವಿದ್ಯೆಗಳು. ಆದರೆ ಹಿಂದಿನ ಹಿರಿಯರಾರೂ ಕಾಣದ ಒಂದು ಕೇಡು ಈಚಿನ ಕಾಲದಲ್ಲಿ ನೆಲಕ್ಕೆ ಸಂಭವಿಸಬಹುದಾಗಿದೆ. ಅದು ಕಣ್ಣಿಗೆ ಕಾಣದು, ಮೂಗಿಗೆ ನಾರದು, ನಾಲಗೆಗೆ ರುಚಿಯಿಲ್ಲದ್ದು. ವಿಕಿರಣವಸ್ತುಗಳು ಮಣ್ಣಿನಲ್ಲಿ ಬೆರೆಯುವುದೇ ಆ ಕೇಡು.

ಈ ವಿಷಯವನ್ನು ಇಲ್ಲಿ ಬರೆಯುವುದು ಭಯವನ್ನು ಹುಟ್ಟಿಸುವುದಕ್ಕಾಗಿ ಅಲ್ಲ. ಹಲಗೇರಿಯಿಂದ ಪಶ್ಚಿಮಕ್ಕೆ ಸುಮಾರು ೧೩೦ ಕಿಲೋಮೀಟರಿನ ಮೇಲೆ, ಕಾಳೀ ನದಿಯ ದಂಡೆಯಲ್ಲಿ, ಕೈಗಾ ಅಣುವಿದ್ಯುತ್ತಿನ ಕೇಂದ್ರವಿದೆ. ದೊಡ್ಡ ಆಸ್ಪತ್ರೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ವಿಕಿರಣವಸ್ತುಗಳ ಉಪಯೋಗವು ನಡೆದಿದೆ. ಬೆಂಕಿಯನ್ನು ಮನೆಯಲ್ಲಿಟ್ಟುಕೊಂಡವನು ಬೆಂಕಿಯನ್ನು ಆರಿಸುವ ಬಗೆಯನ್ನೂ ತಿಳಿದಿರಬೇಕಷ್ಟೆ. ಅದರಲ್ಲಿಯೂ ಇಂತಹ ನೆಲವನ್ನು ಶುದ್ಧಿಮಾಡುವ ಕ್ರಮದಲ್ಲಿ ಹೆಚ್ಚಿನ ಭಾಗವು ನೇಗಿಲು, ಗೊಬ್ಬರ, ದನಕರುಗಳಿಗೆ ಸಂಬಂಧಿಸಿದ್ದಾದುದರಿಂದ ರಯತರು ಅದನ್ನು ಅರಿತಿರುವುದು ಯುಕ್ತವು.

ಕೇಡಿನ ಸ್ವರೂಪ

ಕೆಲವು ಮೂಲವಸ್ತುಗಳ ಪರಮಾಣುಗಳು ತಾವಾಗಿಯೇ ಒಡೆಯುತ್ತ, ಒಡೆಯುವಾಗ ಕಿರಣಗಳನ್ನು ಹೊರಗೆ ಚೆಲ್ಲುತ್ತವೆ. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದಕ್ಕೆ ಒಂದು ಬೆಕರೆಲ್ ಎಂದು ಅಳತೆಯ ಹೆಸರು. ಈ ಒಡೆಯುವಿಕೆಯು ಪ್ರತಿಯೊಂದು ವಸ್ತುವಿಗೂ ಗೊತ್ತಾದ ವೇಗದಲ್ಲಿ ನಡೆಯುತ್ತದೆ. ವಸ್ತುವಿನಲ್ಲಿ ಅರ್ಧ ಭಾಗವು ಕಳೆಯಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆನ್ನುವರು. ಅಯೋಡಿನ್-೧೩೧ ಎಂಬುದಕ್ಕೆ ಇದು ೮ ದಿನ. ಕೋಬಾಲ್ಟ್-೬೦ಕ್ಕೆ ಸುಮಾರು ೫ ಕಾಲು ವರ್ಷ. ಟ್ರಿಟಿಯಂಗೆ ಸುಮಾರು ೧೨ ವರ್ಷ. ಸ್ಟ್ರಾನ್ಷಿಯಂ-೯೦ಕ್ಕೆ ಸುಮಾರು ೨೯ ವರ್ಷ. ಸೀಸಿಯಂ-೧೩೭ಕ್ಕೆ ಸುಮಾರು ೩೦ ವರ್ಷ. ಪ್ಲುಟೋನಿಯಂ-೨೩೯ಕ್ಕೆ ೨೪,೦೦೦ ವರ್ಷ.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿಯೊಂದಿದೆ. ಈ ವೇಗವನ್ನು ಹೆಚ್ಚಿಸುವ ಔಷಧವು ಯಾವುದೂ ಇಲ್ಲ. ಸುಟ್ಟರೆ ಅದು ಸುಡದು, ಸುಣ್ಣದಿಂದ ಸಾಯದು, ಕೊಳೆತು ಗೊಬ್ಬರವಾಗದು. ಕೇಡು ತಗಲಿದ ಕಣಿಕೆಯನ್ನು ಸುಟ್ಟರೆ ಕಣಿಕೆಯು ಹೋಗಿ, ಕೇಡು ಬೂದಿಯಲ್ಲಿ ಮೊದಲಿಗಿಂತ ಗಟ್ಟಿಯಾಗಿ ಉಳಿಯುವುದು, ಕೆಲವು ಭಾಗ ಹೊಗೆಯೊಡನೆ ಹಾರುವುದು. ಆದ್ದರಿಂದ ವಿಕಿರಣದಿಂದ ಕೆಟ್ಟ ನೆಲವನ್ನು ಶುದ್ಧಿಮಾಡುವುದೆಂದರೆ ವಿಷವನ್ನು ನಾಶಮಾಡುವುದಲ್ಲ. ಅದನ್ನು ಮನುಷ್ಯನಿಂದಲೂ ಪೈರಿನಿಂದಲೂ ದೂರಮಾಡಿ, ಅದರ ಆಯುಷ್ಯವು ತೀರುವ ತನಕ ಕಾಯುವುದು. ಮುಂದೆ ಹೇಳುವ ವಿಧಾನಗಳೆಲ್ಲವೂ ತೆಗೆಯುವುದು, ಹೂಳುವುದು, ಬೇರಿಗೆ ಸಿಕ್ಕದಂತೆ ತಡೆಯುವುದು ಎಂಬ ಈ ಮೂರರಲ್ಲಿಯೇ ಅಡಗಿವೆ.

ಕೇಡು ಬರುವ ದಾರಿಗಳು

ಕರ್ನಾಟಕದಲ್ಲಿ ಬಹುಜನರ ಕಿವಿಗೆ ಬಿದ್ದ ಪ್ರಸಂಗವು ಕೈಗಾದ್ದು. ೨೦೦೯ನೆಯ ನವೆಂಬರಿನಲ್ಲಿ ಅಲ್ಲಿಯ ಕೆಲಸಗಾರರು ಕುಡಿಯುವ ನೀರಿನ ಒಂದು ತಂಪುಯಂತ್ರದಲ್ಲಿ ಟ್ರಿಟಿಯಂ ಇದ್ದ ಭಾರಜಲವು ಬೆರೆತದ್ದು, ಅವರ ಮೂತ್ರದ ಪರೀಕ್ಷೆಯಿಂದ ಹೊರಬಿದ್ದಿತು. ಟ್ರಿಟಿಯಂ ನೀರಿನೊಡನೆ ನೀರಾಗಿ ಬೆರೆಯುವ ವಸ್ತುವಾದುದರಿಂದ ದೇಹದಿಂದ ಮೂತ್ರದ ಮೂಲಕ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಹೊರಟುಹೋಗುವುದು. ಆ ಕೇಡು ಕೇಂದ್ರದ ಪ್ರಾಕಾರದೊಳಗಿನದು, ಹೊಲಗದ್ದೆಗಳಿಗೆ ಹರಡಿದ್ದಲ್ಲ. ಅಲ್ಲಿಯ ಪರಿಸರ ಪರೀಕ್ಷಾಲಯದವರು ಸುತ್ತಣ ಪ್ರದೇಶದ ಮಣ್ಣು, ನೀರು, ಹಾಲು, ಅಕ್ಕಿ, ಮೀನುಗಳ ಮಾದರಿಗಳನ್ನು ಪರೀಕ್ಷಿಸುವ ಪದ್ಧತಿಯುಂಟು.

ಹಳ್ಳಿಗೂ ಪೇಟೆಗೂ ಹೆಚ್ಚು ಹತ್ತಿರವಾದ ದಾರಿಯು ಗುಜರಿಯದು. ೨೦೧೦ರಲ್ಲಿ ದೆಹಲಿಯ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಉಪಯೋಗಿಸದೆ ಇಟ್ಟಿದ್ದ ಒಂದು ಯಂತ್ರವನ್ನು ಹರಾಜು ಮಾಡಲಾಯಿತು. ಅದು ಮಾಯಾಪುರಿಯ ಗುಜರಿ ಪೇಟೆಯನ್ನು ಸೇರಿತು. ಅದರೊಳಗೆ ಕೋಬಾಲ್ಟ್-೬೦ ಇದ್ದುದನ್ನು ಅರಿಯದೆ ಕೆಲಸಗಾರರು ಅದನ್ನು ಒಡೆದರು. ಒಬ್ಬನು ಸತ್ತನು, ಹಲವರು ಆಸ್ಪತ್ರೆಯನ್ನು ಸೇರಿದರು. ಬ್ರೆಜಿಲ್ ದೇಶದ ಗೊಯಾನಿಯಾ ಪಟ್ಟಣದಲ್ಲಿ ೧೯೮೭ನೆಯ ಸೆಪ್ಟೆಂಬರಿನಲ್ಲಿ ಇದಕ್ಕಿಂತಲೂ ಭಯಂಕರವಾದುದು ನಡೆಯಿತು. ಪಾಳುಬಿದ್ದ ಚಿಕಿತ್ಸಾಲಯದೊಳಗಿಂದ ಇಬ್ಬರು ಒಂದು ಯಂತ್ರದ ತಲೆಯನ್ನು ಗುಜರಿಗೆಂದು ಹೊತ್ತು ತಂದರು. ಅದರೊಳಗಿದ್ದ ಸೀಸಿಯಂ ಪುಡಿಯು ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಜನರು ಅದನ್ನು ಸೋಜಿಗವೆಂದು ಮನೆಮನೆಗೆ ಹಂಚಿಕೊಂಡರು, ಮೈಗೂ ಬಳಿದುಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ೬ ವರ್ಷದ ಬಾಲಕಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು. ೨೪೯ ಮಂದಿಗೆ ಕೇಡು ತಗಲಿದ್ದು ಕಂಡುಬಂದಿತು. ಮನೆಗಳನ್ನು ಕೆಡವಿ, ಅಂಗಳದ ಮೇಲ್ಮಣ್ಣನ್ನು ಕೆತ್ತಿ ತೆಗೆದಾಗ ಸುಮಾರು ೩,೫೦೦ ಘನಮೀಟರು ಕಸವು ಕೂಡಿತು. ಒಂದು ಮುಷ್ಟಿಗೂ ಮಿಕ್ಕದಷ್ಟು ಪುಡಿಯು ಇಷ್ಟು ಕಸವನ್ನು ಮಾಡಿತೆಂಬುದನ್ನು ಗಮನಿಸತಕ್ಕದ್ದು.

ಮೂರನೆಯ ದಾರಿಯು ಗಾಳಿ ಮತ್ತು ಮಳೆಯದು. ೧೯೮೬ನೆಯ ಏಪ್ರಿಲ್ ೨೬ರಂದು ಚೆರ್ನೊಬಿಲ್‌ನಲ್ಲಿಯೂ, ೨೦೧೧ನೆಯ ಮಾರ್ಚಿನಲ್ಲಿ ಭೂಕಂಪ ಮತ್ತು ಕಡಲಿನ ಮಹಾತೆರೆಯ ತರುವಾಯ ಜಪಾನಿನ ಫುಕುಶಿಮಾದಲ್ಲಿಯೂ ಅಣುಸ್ಥಾವರಗಳು ಒಡೆದು, ಸೀಸಿಯಂ ಮೊದಲಾದವು ಗಾಳಿಯಲ್ಲಿ ಹಾರಿ ಮಳೆಯೊಡನೆ ಹೊಲಗಳ ಮೇಲೆ ಇಳಿದವು. ಒಕ್ಕಲುತನಕ್ಕೆ ಸಂಬಂಧಿಸಿದ ಪಾಠಗಳು ಹೆಚ್ಚಾಗಿ ಈ ಎರಡು ಕಡೆಯ ರಯತರಿಂದಲೇ ದೊರೆತಿವೆ.

ನೆಲದಲ್ಲಿ ಕೇಡಿನ ನಡೆ

ಸೀಸಿಯಂ ಗುಣದಲ್ಲಿ ಪೊಟ್ಯಾಷಿಗೆ ದಾಯಾದಿಯು. ಸ್ಟ್ರಾನ್ಷಿಯಂ ಸುಣ್ಣಕ್ಕೆ ದಾಯಾದಿಯು. ಪೈರಿನ ಬೇರು ಇವುಗಳ ಭೇದವನ್ನು ಚೆನ್ನಾಗಿ ತಿಳಿಯದು. ಪೊಟ್ಯಾಷಿಗೆ ಹಸಿದ ಬೇರು ಸೀಸಿಯಂ ಅನ್ನು ಹೀರುವುದು. ಸುಣ್ಣಕ್ಕೆ ಹಸಿದದ್ದು ಸ್ಟ್ರಾನ್ಷಿಯಂ ಅನ್ನು ಹೀರುವುದು. ಈ ಒಂದು ಮಾತಿನಲ್ಲಿ ಗೊಬ್ಬರದ ಚಿಕಿತ್ಸೆಯ ರಹಸ್ಯವೆಲ್ಲ ಅಡಗಿದೆ.

ಮಣ್ಣಿನ ಜಾತಿಗೆ ತಕ್ಕಂತೆ ಸೀಸಿಯಂ ನಡೆಯುತ್ತದೆ. ಜೇಡಿಯ ಅಂಶವುಳ್ಳ ಮಣ್ಣಿನಲ್ಲಿ, ಅದರಲ್ಲಿಯೂ ಅಭ್ರಕದ ಜಾತಿಯ ಜೇಡಿಯಿದ್ದಲ್ಲಿ, ಅದು ಪದರಗಳ ಅಂಚಿಗೆ ಸಿಕ್ಕಿಕೊಂಡು ಬಿಡಿಸಲಾರದಂತೆ ನಿಲ್ಲುವುದು. ಉಸುಕು ಮಣ್ಣಿನಲ್ಲಿಯೂ, ಕೊಳೆತ ಎಲೆಯಿಂದಾದ ಮಣ್ಣಿನಲ್ಲಿಯೂ ಸಡಿಲವಾಗಿದ್ದು ಬೇರಿಗೆ ಬೇಗ ಸಿಕ್ಕುವುದು. ಉಳದೆ ಬಿಟ್ಟ ನೆಲದಲ್ಲಿ ಅದರ ಹೆಚ್ಚಿನ ಭಾಗವು ವರ್ಷಗಳು ಕಳೆದರೂ ಮೇಲಿನ ೫ ಸೆಂಟಿಮೀಟರಿನಲ್ಲಿಯೇ, ಎಂದರೆ ಎರಡು ಅಂಗುಲದೊಳಗೇ, ಉಳಿದಿರುತ್ತದೆ. ಕೇಡು ತೆಳುವಾದ ಪದರದಲ್ಲಿರುವುದು ರಯತನ ಪಾಲಿಗೆ ದೊಡ್ಡ ಅನುಕೂಲವು. ಆ ಅನುಕೂಲವನ್ನು ಕೆಡಿಸದಿರುವುದೇ ಮೊದಲನೆಯ ಕೆಲಸ.

ಮೊದಲು ಮಾಡತಕ್ಕದ್ದು: ಉಳದಿರುವುದು

ಕೇಡು ಬಿದ್ದ ಹೊಲವನ್ನು ಕಂಡೊಡನೆ ಮಗುಚಿ ಹಾಕಬೇಕೆಂದು ರಯತನ ಕೈಗೆ ತೋರುವುದು ಸಹಜ. ಹಾಗೆ ಮಾಡಕೂಡದು. ಲೆಕ್ಕವನ್ನು ನೋಡಿದರೆ ಇದು ಮನದಟ್ಟಾಗುವುದು. ಒಂದು ಎಕರೆಯ ಮೇಲಿನ ೫ ಸೆಂಟಿಮೀಟರು ಮಣ್ಣು ಸುಮಾರು ೨೦೦ ಘನಮೀಟರು, ತೂಕದಲ್ಲಿ ಸುಮಾರು ೨೫೦ ಟನ್ನು. ಟ್ರಾಕ್ಟರಿನ ಒಂದು ಹೇರಿಗೆ ಮೂರು ಘನಮೀಟರೆಂದು ಹಿಡಿದರೆ ೬೭ ಹೇರು. ಅದೇ ಹೊಲವನ್ನು ೧೫ ಸೆಂಟಿಮೀಟರು ಆಳಕ್ಕೆ ಒಂದು ಸಲ ಉತ್ತು ಬೆರೆಸಿಬಿಟ್ಟರೆ ತೆಗೆಯಬೇಕಾದ ಮಣ್ಣು ೬೦೦ ಘನಮೀಟರು, ೭೫೦ ಟನ್ನು, ೨೦೦ ಹೇರು. ಒಂದು ದಿನದ ನೇಗಿಲು ಕೆಲಸವು ಮುಂದಿನ ಖರ್ಚನ್ನು ಮೂರು ಪಟ್ಟು ಮಾಡಿತೆಂದಾಯಿತು. ಆದಕಾರಣ ಅಧಿಕಾರಿಗಳ ಅಳತೆಯು ಮುಗಿಯುವವರೆಗೆ ಉಳುವುದು, ಹರಗುವುದು, ದನ ಮೇಯಿಸುವುದು, ಕಣಿಕೆ ಸುಡುವುದು ಇವನ್ನೆಲ್ಲ ನಿಲ್ಲಿಸತಕ್ಕದ್ದು.

ಹಸನುಗೊಳಿಸುವ ವಿಧಾನಗಳು

೧. ಮೇಲ್ಮಣ್ಣನ್ನು ಕೆತ್ತುವುದು.— ಇದು ಎಲ್ಲಕ್ಕಿಂತ ನಿಶ್ಚಿತವಾದ ಉಪಾಯ. ಫುಕುಶಿಮಾ ಪ್ರಾಂತದ ಹೊಲಗಳಲ್ಲಿ ನಾಲ್ಕೈದು ಸೆಂಟಿಮೀಟರು ಮಣ್ಣನ್ನು ತೆಗೆದಾಗ ಮಣ್ಣಿನೊಳಗಿನ ಸೀಸಿಯಂ ಸುಮಾರು ಮುಕ್ಕಾಲು ಪಾಲು ಇಳಿಯಿತು. ಹುಲ್ಲು ಹಬ್ಬಿದ್ದ ಕಡೆ ಬೇರಿನ ಸಹಿತ ಹಲ್ಲೆಯಾಗಿ ಎಬ್ಬಿಸಿದಾಗ ಇನ್ನೂ ಹೆಚ್ಚು ಇಳಿಯಿತು. ಆದರೆ ಇದರ ಬೆಲೆಯು ದೊಡ್ಡದು. ಆ ಎರಡು ಅಂಗುಲವೇ ಹೊಲದ ಸಾರ. ತಲೆತಲಾಂತರದ ತಿಪ್ಪೆಗೊಬ್ಬರವೂ ಅದರಲ್ಲಿಯೇ ಇರುವುದು. ಅದನ್ನು ತೆಗೆದು ಬೆಟ್ಟದ ಮಣ್ಣನ್ನು ಹರಡಿದ ಜಪಾನಿನ ಗದ್ದೆಗಳಲ್ಲಿ ಕಲ್ಲುಗಳು ಎದ್ದವು, ಸತ್ವವು ಇಳಿಯಿತು. ಅಲ್ಲಿಯ ರಯತರು ದನದ ಗೊಬ್ಬರವನ್ನೂ ಹಸುರೆಲೆ ಗೊಬ್ಬರದ ಪೈರುಗಳನ್ನೂ ಹಾಕಿ ವರ್ಷಗಟ್ಟಲೆ ದುಡಿದು ಹೊಲಕ್ಕೆ ಜೀವ ತರಬೇಕಾಯಿತು. ಕೆತ್ತುವಿಕೆಯು ವಿಷವನ್ನು ತೆಗೆಯುವುದು. ಹೊಲವನ್ನು ಮರಳಿ ಕೊಡುವುದು ಮಾತ್ರ ಗೊಬ್ಬರ ಮತ್ತು ಕಾಲ.

೨. ಮಗುಚಿ ಹೂಳುವುದು.— ಕೇಡು ಅಲ್ಪವಾಗಿದ್ದಲ್ಲಿ ಮಾತ್ರ, ಅಳತೆಯಾದ ಬಳಿಕ, ೩೦ ಸೆಂಟಿಮೀಟರು ಅಥವಾ ಇನ್ನೂ ಆಳಕ್ಕೆ ಮೇಲಿನದು ಕೆಳಗಾಗುವಂತೆ ಉಳಬಹುದು. ಮೇಲಿನ ತೆಳುಪದರವನ್ನು ಆಳಕ್ಕೆ ಹಾಕಿ, ನಡುವಣ ಮಣ್ಣನ್ನು ಇದ್ದಲ್ಲಿಯೇ ಉಳಿಸುವ ವಿಶೇಷ ನೇಗಿಲುಗಳೂ ಐರೋಪ್ಯ ದೇಶಗಳಲ್ಲಿ ನಿರ್ಮಿತವಾಗಿವೆ. ಮೋಟು ಬೇರಿನ ಪೈರಿಗೆ ಕೇಡು ಸಿಕ್ಕದು, ಮಣ್ಣಿನ ಹೊದಿಕೆಯಿಂದ ಕಿರಣವೂ ತಗ್ಗುವುದು. ಆದರೆ ಒಮ್ಮೆ ಹೂಳಿದ ಮೇಲೆ ಅದನ್ನು ಮತ್ತೆ ಕೆತ್ತಿ ತೆಗೆಯಲು ಬಾರದು. ಆ ಹೊಲವನ್ನು ಮುಂದೆ ಆಳಕ್ಕೆ ಉಳಲೂ ಬಾರದು. ಅಂತರ್ಜಲವು ಮೇಲಿರುವಲ್ಲಿ ಈ ಉಪಾಯವು ಸಲ್ಲದು.

೩. ಕೆಸರು ಕಲಕಿ ನೀರು ಬಿಡುವುದು.— ಗದ್ದೆಗೆ ನೀರು ಕಟ್ಟಿ ಮೇಲಿನ ಮಣ್ಣನ್ನು ಕಲಕಿ, ಸೀಸಿಯಂ ಹಿಡಿದ ನುಣುಪಾದ ಜೇಡಿಯು ತೇಲುತ್ತಿರುವಾಗಲೇ ಆ ಬಗ್ಗಡವನ್ನು ಬೇರೆ ಕಡೆ ಹರಿಸಿ ತಿಳಿಗೊಳಿಸುವುದು. ಇದರಿಂದ ಜಪಾನಿನಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಮಾತ್ರ ಇಳಿಯಿತು. ಕೆಳಗಿನ ರಯತನ ಗದ್ದೆಗೆ ಆ ನೀರನ್ನು ಬಿಡುವುದು ಮಹಾಪರಾಧವು.

೪. ಪೊಟ್ಯಾಷ್ ಮತ್ತು ಸುಣ್ಣ.— ಬೇರಿಗೆ ಪೊಟ್ಯಾಷ್ ಧಾರಾಳವಾಗಿ ದೊರೆತರೆ ಅದು ಸೀಸಿಯಂ ಅನ್ನು ಕಡಿಮೆ ಹೀರುವುದು. ಫುಕುಶಿಮಾದಲ್ಲಿ ೧೦೦ ಗ್ರಾಮು ಮಣ್ಣಿಗೆ ೨೫ ಮಿಲಿಗ್ರಾಮು ಪೊಟ್ಯಾಷ್ ಇರುವಂತೆ ಗದ್ದೆಗಳನ್ನು ಸಿದ್ಧಮಾಡಿ, ಆ ಮೇಲೆ ವಾಡಿಕೆಯ ಗೊಬ್ಬರವನ್ನು ಕೊಟ್ಟರು. ೨೦೧೨ರಿಂದ ಆ ಪ್ರಾಂತದ ಅಕ್ಕಿಯ ಚೀಲಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲಾಯಿತು. ಕಿಲೋಗ್ರಾಮಿಗೆ ೧೦೦ ಬೆಕರೆಲ್ ಎಂಬ ಮಿತಿಯನ್ನು ಮೀರಿದ ಚೀಲಗಳು ಮೊದಲನೆಯ ವರ್ಷವೇ ಒಂದು ಕೋಟಿ ಚೀಲಗಳಿಗೆ ನೂರರೊಳಗಾಗಿ, ೨೦೧೫ರ ಬೆಳೆಯಿಂದ ಒಂದೂ ಇಲ್ಲವಾಯಿತು. ಚೆರ್ನೊಬಿಲ್ ಸೀಮೆಯ ಹುಳಿಮಣ್ಣುಗಳಲ್ಲಿ ಸ್ಟ್ರಾನ್ಷಿಯಂ ತಡೆಯಲು ಸುಣ್ಣವು ಉಪಯೋಗಕ್ಕೆ ಬಂದಿತು. ಈ ಉಪಾಯದಿಂದ ವಿಷವು ನೆಲದಲ್ಲಿಯೇ ಉಳಿಯುವುದು, ಕಾಳಿಗೆ ಏರುವುದಿಲ್ಲ ಎಂಬುದನ್ನು ಮರೆಯಬಾರದು.

೫. ಗಿಡಗಳಿಂದ ಹೀರಿಸುವುದು.— ಸೂರ್ಯಕಾಂತಿಯು ನೆಲದ ವಿಕಿರಣವನ್ನು ಹೀರಿ ತೆಗೆಯುವುದೆಂಬ ಮಾತು ಜನರಲ್ಲಿ ಹರಡಿದೆ. ೨೦೧೧ರಲ್ಲಿ ಜಪಾನಿನ ಕೃಷಿ ಇಲಾಖೆಯು ಇದನ್ನು ಹೊಲದಲ್ಲಿಯೇ ಪರೀಕ್ಷಿಸಿತು. ಒಂದು ಬೆಳೆಯು ಹೀರಿದ್ದು ನೆಲದಲ್ಲಿದ್ದುದರ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಇಂತಹ ಉಪಾಯವನ್ನು ಮಾರಲು ಬರುವವರನ್ನು ರಯತರು ನಂಬತಕ್ಕದ್ದಲ್ಲ.

೬. ದನಕರುಗಳ ಉಪಚಾರ.— ಹಾಲು ಕೇಡಿನ ಅತಿ ಶೀಘ್ರವಾದ ದಾರಿ. ಹುಲ್ಲಿನ ಮೇಲೆ ಬಿದ್ದ ಅಯೋಡಿನ್ ಒಂದೆರಡು ದಿನಗಳಲ್ಲಿ ಹಾಲಿಗಿಳಿದು, ಮಕ್ಕಳ ಕೊರಳಿನ ಥೈರಾಯಿಡ್ ಗ್ರಂಥಿಯಲ್ಲಿ ನಿಲ್ಲುವುದು. ಚೆರ್ನೊಬಿಲ್‌ನ ಸುತ್ತಲಿನ ಮಕ್ಕಳಲ್ಲಿ ಆ ಗ್ರಂಥಿಯ ಅರ್ಬುದವು ಹೆಚ್ಚಿದ್ದಕ್ಕೆ ಇದೇ ಕಾರಣ. ೧೯೫೭ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ಅಣುಸ್ಥಾವರಕ್ಕೆ ಬೆಂಕಿ ಬಿದ್ದಾಗ ಸುತ್ತಣ ಸುಮಾರು ೫೦೦ ಚದರ ಕಿಲೋಮೀಟರಿನ ಹಾಲನ್ನು ಚೆಲ್ಲಿಸಲಾಯಿತು. ಅಂತಹ ಕಾಲದಲ್ಲಿ ದನಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ, ಮುಚ್ಚಿಟ್ಟ ಬಣವೆಯ ಒಳಮೇವನ್ನೂ ಬಾವಿಯ ನೀರನ್ನೂ ಕೊಡತಕ್ಕದ್ದು. ಸೀಸಿಯಂ ತಗಲಿದ ದನಗಳಿಗೆ ಶುದ್ಧವಾದ ಮೇವನ್ನು ಕೆಲವು ವಾರ ಕೊಟ್ಟರೆ ಅದು ಮೈಯಿಂದ ಇಳಿಯುವುದು. ಪ್ರಷ್ಯನ್ ನೀಲಿಯೆಂಬ ಔಷಧವನ್ನು ದಿನಕ್ಕೆ ಕೆಲವು ಗ್ರಾಮು ಮೇವಿನಲ್ಲಿ ಕೊಟ್ಟರೆ ಹಾಲಿನ ಸೀಸಿಯಂ ಹಲವು ಪಟ್ಟು ತಗ್ಗುವುದೆಂದು ಚೆರ್ನೊಬಿಲ್‌ನ ತರುವಾಯ ಸಿದ್ಧವಾಗಿದೆ. ಇದು ಬಟ್ಟೆಗೆ ಹಾಕುವ ನೀಲಿಯಲ್ಲ; ಪಶುವೈದ್ಯರ ಕೈಯಿಂದಲೇ ಕೊಡಿಸತಕ್ಕದ್ದು. ಬೆಣ್ಣೆ ಮತ್ತು ತುಪ್ಪಗಳಿಗೆ ಸೀಸಿಯಂ ಅತ್ಯಲ್ಪವಾಗಿ ಹೋಗಿ, ಮಜ್ಜಿಗೆಯಲ್ಲಿಯೇ ಬಹುಭಾಗ ಉಳಿಯುವುದೆಂಬುದೂ ತಿಳಿದಿರಲಿ.

ಅವಸರದ ಶುದ್ಧಿಯ ಒಂದು ಉದಾಹರಣೆ

ಸ್ಪೇನ್ ದೇಶದಲ್ಲಿ ಪಾಲೊಮಾರೆಸ್ ಎಂಬ ಹಳ್ಳಿಯಿದೆ. ಟೊಮ್ಯಾಟೊ ಬೆಳೆಯುವ ರಯತರ ಊರು. ೧೯೬೬ನೆಯ ಜನವರಿ ೧೭ರಂದು ಅಮೇರಿಕದ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು, ನಾಲ್ಕು ಜಲಜನಕ ಬಾಂಬುಗಳು ಕೆಳಗೆ ಬಿದ್ದವು. ಅವುಗಳಲ್ಲಿ ಎರಡರ ಸಾಧಾರಣ ಸಿಡಿಮದ್ದು ಮಾತ್ರ ಸಿಡಿದು, ಪ್ಲುಟೋನಿಯಂ ಧೂಳು ಹೊಲಗಳ ಮೇಲೆ ಹರಡಿತು. ಅಮೇರಿಕದ ಸೈನ್ಯದವರು ಸುಮಾರು ೧,೪೦೦ ಟನ್ನು ಮಣ್ಣು ಮತ್ತು ಪೈರನ್ನು ಪೀಪಾಯಿಗಳಲ್ಲಿ ತುಂಬಿ ಹಡಗಿನಿಂದ ತಮ್ಮ ದೇಶಕ್ಕೆ ಒಯ್ದರು. ಕೇಡು ಕಡಿಮೆಯೆಂದು ತೋರಿದ ಹೊಲಗಳನ್ನು ಸುಮಾರು ೩೦ ಸೆಂಟಿಮೀಟರು ಆಳಕ್ಕೆ ಉತ್ತು ಬಿಟ್ಟರು. ಮೂರು ತಿಂಗಳೊಳಗೆ ಕೆಲಸವು ಮುಗಿಯಿತೆಂದು ಎಲ್ಲರೂ ಹೊರಟುಹೋದರು.

ಕೆಲಸವು ಮುಗಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಳೆದಾಗ ಕೇಡು ಇನ್ನೂ ಉಳಿದ ನೆಲಗಳು ಕಂಡುಬಂದು, ಅವುಗಳಿಗೆ ಬೇಲಿ ಹಾಕಬೇಕಾಯಿತು. ಸುಮಾರು ೫೦,೦೦೦ ಘನಮೀಟರು ಮಣ್ಣು ಶುದ್ಧಿಯಾಗಬೇಕಿದೆಯೆಂದು ಅಂದಾಜಾಗಿ, ಅದನ್ನು ತೆಗೆಯುವ ಬಗ್ಗೆ ೨೦೧೫ರಲ್ಲಿ ಎರಡೂ ಸರಕಾರಗಳು ಒಂದು ಹೇಳಿಕೆಗೆ ಸಹಿ ಹಾಕಿದವು. ಸೀಸಿಯಂ ಆಗಿದ್ದರೆ ಮೂವತ್ತು ವರ್ಷಕ್ಕೆ ಅರ್ಧವಾದರೂ ಇಳಿಯುತ್ತಿತ್ತು. ೨೪,೦೦೦ ವರ್ಷದ ಅರ್ಧಾಯುಷ್ಯವುಳ್ಳ ಪ್ಲುಟೋನಿಯಂಗೆ ಕಾಯುವುದೆಂಬ ಔಷಧವೇ ಇಲ್ಲ. ಯಾವ ವಸ್ತು ಬಿದ್ದಿದೆಯೆಂಬುದನ್ನು ಅರಿಯದೆ ಒಂದೇ ನೇಗಿಲನ್ನು ಎಲ್ಲಕ್ಕೂ ಹೂಡಬಾರದೆಂಬುದು ಈ ಹಳ್ಳಿಯು ಕಲಿಸಿದ ಪಾಠ.

ತೆಗೆದ ಮಣ್ಣಿನ ಗತಿ

ಕೆತ್ತಿದ ಮಣ್ಣನ್ನು ಎಲ್ಲಿ ಇಡಬೇಕೆಂಬುದೇ ಈ ಕೆಲಸದ ಅತಿ ಕಠಿಣವಾದ ಭಾಗ. ಫುಕುಶಿಮಾದಲ್ಲಿ ಕಪ್ಪು ಚೀಲಗಳಲ್ಲಿ ತುಂಬಿದ ಮಣ್ಣು ಮೊದಲು ಆಯಾ ಊರ ಗದ್ದೆಗಳಲ್ಲಿಯೇ ರಾಶಿಯಾಗಿ ನಿಂತಿತು. ಆ ಮೇಲೆ ಸುಮಾರು ೧ ಕೋಟಿ ೪೦ ಲಕ್ಷ ಘನಮೀಟರು ಮಣ್ಣನ್ನು ಒಕುಮಾ, ಫುತಾಬಾ ಎಂಬ ಎರಡು ಊರುಗಳ ನೆಲದಲ್ಲಿ ತಾತ್ಕಾಲಿಕವಾಗಿ ಕೂಡಿಹಾಕಿದರು. ೨೦೪೫ರೊಳಗೆ ಅದನ್ನು ಪ್ರಾಂತದ ಹೊರಗೆ ಒಯ್ಯಬೇಕೆಂದು ಅಲ್ಲಿ ಕಾನೂನಾಗಿದೆ. ಒಬ್ಬರ ಹೊಲವು ಶುದ್ಧವಾಗಬೇಕಾದರೆ ಮತ್ತೊಬ್ಬರ ಹೊಲವು ಕಸದ ತಾಣವಾಗಬೇಕಾಗಿ ಬಂದುದು ಅಲ್ಲಿಯ ರಯತರ ದುಃಖ. ಆದುದರಿಂದ ಮಣ್ಣನ್ನು ಕೆತ್ತುವುದಕ್ಕೆ ಮೊದಲೇ ಅದರ ಸ್ಥಳವನ್ನು ಊರವರ ಒಪ್ಪಿಗೆಯಿಂದ ಗೊತ್ತುಮಾಡುವುದು ಒಳಿತು.

ಹಲಗೇರಿ ಕಡೆಯ ನೆಲಕ್ಕೆ ಅನ್ವಯ

ಹೊರದೇಶಗಳ ಕ್ರಮವನ್ನು ಇದ್ದಕ್ಕಿದ್ದಂತೆ ಇಲ್ಲಿಗೆ ತರಲಾಗದು. ಎರೆಯ ನೆಲದಲ್ಲಿ ಜೇಡಿಯೂ ಸುಣ್ಣದ ಅಂಶವೂ ಪೊಟ್ಯಾಷೂ ಸಾಧಾರಣವಾಗಿ ಚೆನ್ನಾಗಿರುವುದರಿಂದ ಪೈರಿಗೆ ಕೇಡು ಏರುವುದು ಕಡಿಮೆಯೆನ್ನಬಹುದು. ಆದರೆ ಎರೆಗೆ ಬೇರೊಂದು ಸ್ವಭಾವವಿದೆ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುವುದು; ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರಿ, ಮಳೆ ಬಿದ್ದಾಗ ಬಾಯಿ ಮುಚ್ಚುವುದು. ಚೈತ್ರ ವೈಶಾಖಗಳಲ್ಲಿ ಕೇಡು ಬಿದ್ದರೆ ಅದು ಎರಡು ಅಂಗುಲದಲ್ಲಿ ನಿಲ್ಲದೆ ಮೊಳದ ಆಳಕ್ಕೂ ಇಳಿದೀತು. ಆದ್ದರಿಂದ ಎರೆಯ ಹೊಲದಲ್ಲಿ ಬಿರುಕುಗಳು ತೆರೆಯುವ ಮುನ್ನವೇ ಅಳತೆಯೂ ಕೆತ್ತುವಿಕೆಯೂ ನಡೆಯಬೇಕು. ಮಸಾರಿಯ ಹೊಲಗಳು ಬಿರಿಯವು. ಅಲ್ಲಿ ಉಸುಕು ಹೆಚ್ಚಿದ್ದು ಪೊಟ್ಯಾಷ್ ಕಡಿಮೆಯಿದ್ದರೆ ಪೈರಿಗೆ ಕೇಡು ಬೇಗ ಏರುವುದು. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಕೊಡುವುದು ಮುಖ್ಯ.

ಎರಡನೆಯದಾಗಿ, ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವುದು ಇಲ್ಲಿಯ ಒಳ್ಳೆಯ ರೂಢಿ. ಆದರೆ ಮಳೆಯು ಹೊಲಗಳ ನುಣುಪು ಮಣ್ಣನ್ನು ತೊಳೆದು ಕೆರೆಯಲ್ಲಿಯೇ ಕೂಡಿಸುವುದರಿಂದ, ಕೇಡು ಬಿದ್ದ ಸೀಮೆಯಲ್ಲಿ ಹೂಳು ಹೊಲಕ್ಕಿಂತಲೂ ಮಲಿನವಾಗಿರಬಹುದು. ಅಂತಹ ಹೂಳನ್ನು ಪರೀಕ್ಷೆಯಿಲ್ಲದೆ ಮುಟ್ಟಕೂಡದು. ಒಡ್ಡುಗಳನ್ನು ಭದ್ರಮಾಡಿ ಮಣ್ಣು ಇದ್ದಲ್ಲಿಯೇ ಇರುವಂತೆ ನೋಡಿಕೊಂಡರೆ ಅರ್ಧ ಶುದ್ಧಿಯಾದಂತೆಯೇ.

ಮೂರನೆಯದಾಗಿ, ಈ ಸೀಮೆಯಲ್ಲಿ ಹತ್ತಿಯೂ ಬಿತ್ತನೆಯ ಬೀಜಗಳೂ ಬೆಳೆಯುವುದು ಒಂದು ಭಾಗ್ಯವು. ಕಾಳು, ಮೆಣಸಿನಕಾಯಿ, ಮೇವುಗಳನ್ನು ಬೆಳೆಯಬಾರದೆಂದು ಗೊತ್ತಾದ ಹೊಲದಲ್ಲಿಯೂ, ಹೊಲಕ್ಕಿಳಿದು ದುಡಿಯುವುದಕ್ಕೆ ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದ ಮೇಲೆ, ಮನುಷ್ಯನ ಬಾಯಿಗೆ ಹೋಗದ ಪೈರನ್ನು ಬೆಳೆಯುವ ಉಪಾಯವುಳಿದಿರುತ್ತದೆ. ಹತ್ತಿಕಾಳಿನ ಹಿಂಡಿಯನ್ನು ಮಾತ್ರ ಪರೀಕ್ಷೆಯಿಲ್ಲದೆ ದನಗಳಿಗೆ ಹಾಕಬಾರದು.

ಕಡೆಯದಾಗಿ ಗುಜರಿಯ ವಿಷಯ. ಹಳದಿಯ ಮೇಲೆ ಮೂರು ಎಸಳಿನ ಹೂವಿನಂತಹ ಗುರುತು, ಅಥವಾ ಕೆಂಪು ತ್ರಿಕೋನದೊಳಗೆ ತಲೆಬುರುಡೆ ಮತ್ತು ಓಡುವ ಮನುಷ್ಯನ ಚಿತ್ರವುಳ್ಳ ಯಾವ ಕಬ್ಬಿಣವನ್ನೇ ಆಗಲಿ, ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿಯನ್ನೇ ಆಗಲಿ ಒಡೆಯಬಾರದು, ಮನೆಗೆ ತರಬಾರದು. ದೂರ ಸರಿದು, ಮಕ್ಕಳನ್ನೂ ದನಗಳನ್ನೂ ದೂರವಿಟ್ಟು, ಪೊಲೀಸು ಠಾಣೆಗೂ ತಹಶೀಲ್ದಾರರಿಗೂ ವರ್ತಮಾನ ಕೊಡತಕ್ಕದ್ದು. ೧೯೮೩ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯು ಇಂತಹ ವಸ್ತುಗಳ ಮೇಲ್ವಿಚಾರಣೆಯನ್ನು ಮಾಡುವ ಸಂಸ್ಥೆಯಾಗಿದ್ದು, ಜಿಲ್ಲಾಧಿಕಾರಿಗಳ ಮೂಲಕ ಅದಕ್ಕೆ ವಿಷಯವು ತಲುಪುವುದು.

ಸಾರಾಂಶ

(೧) ವಿಕಿರಣವನ್ನು ಸುಡಲೂ ಕೊಳೆಸಲೂ ಬಾರದು. ತೆಗೆಯಬೇಕು, ಹೂಳಬೇಕು, ಇಲ್ಲವೆ ಬೇರಿಗೆ ಸಿಕ್ಕದಂತೆ ತಡೆಯಬೇಕು.

(೨) ಅಳತೆಯಾಗುವ ತನಕ ಹೊಲಕ್ಕೆ ನೇಗಿಲು, ಕುಂಟೆ, ಬೆಂಕಿ, ದನ ಯಾವುದನ್ನೂ ಬಿಡಬಾರದು.

(೩) ಯಾವ ವಸ್ತು ಬಿದ್ದಿದೆಯೆಂಬುದನ್ನು ತಿಳಿದ ಮೇಲೆಯೇ ವಿಧಾನವನ್ನು ಆರಿಸಬೇಕು.

(೪) ಮಕ್ಕಳಿಗೆ ಕೊಡುವ ಹಾಲಿನ ವಿಷಯದಲ್ಲಿ ಮೊದಲ ದಿನದಿಂದಲೇ ಎಚ್ಚರವಿರಬೇಕು.

(೫) ಮೇಲ್ಮಣ್ಣು ಹೋದ ಹೊಲಕ್ಕೆ ಗೊಬ್ಬರವನ್ನೂ ಕಾಲವನ್ನೂ ಕೊಡಬೇಕು.

ಈ ಕ್ರಮಗಳು ಎಂದಿಗೂ ಉಪಯೋಗಕ್ಕೆ ಬಾರದಿರಲಿ ಎಂಬುದೇ ಎಲ್ಲರ ಆಶಯ. ಆದರೂ ಕೇಡು ಬಂದ ದಿನ ಹೊಲದ ಬದುವಿನ ಮೇಲೆ ಮೊದಲು ನಿಲ್ಲುವವನು ಅಧಿಕಾರಿಯಲ್ಲ, ರಯತನೇ. ಆ ದಿನ ಅವನು ಎತ್ತಿನ ಕೊರಳಿಗೆ ನೊಗವನ್ನು ಹೂಡದೆ ಕೆಲವು ದಿನ ತಡೆದು ನಿಂತರೆ, ಅವನ ಮಕ್ಕಳು ಅದೇ ಹೊಲದಲ್ಲಿ ಮತ್ತೆ ಕೂರಿಗೆ ಹೂಡುವಂತಾಗುವುದು.